ಎಡಗಿವಿಯ ಟ್ಯೂಬು

ಕಿವಿರಾಯರಿಗೆ ಆ ಹೆಸರಿಟ್ಟವರು ಹೆತ್ತವರಲ್ಲ, ನೀರೆತ್ತುವ ಪಂಪು ತಯಾರಿಸುವ ಕಾರ್ಖಾನೆಯ ಜನ. ಅಲ್ಲಿ ಅವರ ಉದ್ಯೋಗವೇ ಕೇಳಿಸಿಕೊಳ್ಳುವುದು. ಜೋಡಿಸಿ ಮುಗಿದ ಪಂಪನ್ನು ಓಡಲು ಬಿಟ್ಟು, ಅದರ ಮೈಗೊಂದು ಕಬ್ಬಿಣದ ಸಲಾಕೆ ಆನಿಸಿ, ಸಲಾಕೆಯ ಈಚೆ ತುದಿಯನ್ನು ಎಡಗಿವಿಗೆ ಹಚ್ಚಿ, ಕಣ್ಣು ಮುಚ್ಚಿ ಒಂದು ನಿಮಿಷ ನಿಂತು, "ಬೇರಿಂಗ್ ಸರಿಯಿಲ್ಲ, ಬಿಚ್ಚಿ" ಎಂದರೆ ಮುಗಿಯಿತು, ಬಿಚ್ಚಲೇಬೇಕು. ಬಿಚ್ಚಿದರೆ ಬೇರಿಂಗ್ ಕೆಟ್ಟಿರುತ್ತಿತ್ತು ಕೂಡ. ಹದಿನೆಂಟು ವರ್ಷದಲ್ಲಿ ತಪ್ಪಿದ್ದು ಎರಡೇ ಸಲ (ಒಮ್ಮೆ ನೆಗಡಿಯಿತ್ತು, ಇನ್ನೊಮ್ಮೆ ಹೊಸದಾಗಿ ಮದುವೆಯಾಗಿತ್ತು). ಇಂಥ ಕಿವಿಯನ್ನು ಹೊತ್ತುಕೊಂಡು ಮನೆಗೆ ಬಂದವರು ಸುಮ್ಮನೆ ಕೂರುತ್ತಾರೆಯೇ?

ಕೂರುತ್ತಿರಲಿಲ್ಲ. ಹಜಾರದ ಮೂಲೆಯಲ್ಲಿ ಅವರದೊಂದು ಆಂಪ್ಲಿಫಯರ್ ಇತ್ತು. ಹಾಡಿನ ಪೆಟ್ಟಿಗೆಗೂ ತಲೆಗೆ ಹಾಕಿಕೊಳ್ಳುವ ಹೆಡ್‌ಫೋನಿಗೂ ನಡುವೆ ದಲ್ಲಾಳಿಯಂತೆ ಕೂತ ಡಬ್ಬಿ ಅದು. ಅದರ ನೆತ್ತಿಯ ಮೇಲೆ ಎರಡು ಗಾಜಿನ ಟ್ಯೂಬು: ಒಂದು ಎಡಗಿವಿಯ ದನಿಗೆ, ಇನ್ನೊಂದು ಬಲಗಿವಿಯ ದನಿಗೆ. ಹಳೇ ಕಾಲದ ರೇಡಿಯೋಗಳಲ್ಲಿ ಕೆಂಪಗೆ ಉರಿಯುತ್ತಿದ್ದವಲ್ಲ, ಅವೇ. ಈ ಟ್ಯೂಬುಗಳನ್ನು ಕಿತ್ತು ಬೇರೆ ಹಾಕಬಹುದು. ಬೇರೆ ಹಾಕಿದರೆ ಹಾಡಿನ ರುಚಿಯೇ ಬೇರೆ ಆಗುತ್ತದೆ ಎನ್ನುವುದು ರಾಯರ ಸಿದ್ಧಾಂತ. ಹಳೆಯ ಚಪ್ಪಲಿ ಡಬ್ಬಿಯಲ್ಲಿ ಹತ್ತಿ ಹಾಸಿ ನಾಲ್ಕು ಜೋಡಿ ಟ್ಯೂಬುಗಳನ್ನು ಮಲಗಿಸಿದ್ದರು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಒಂದೊಂದೇ ಜೋಡಿ ಎಬ್ಬಿಸಿ, ಹಾಕಿ, ಕೇಳಿ, ನಿಟ್ಟುಸಿರು ಬಿಟ್ಟು, ಮತ್ತೆ ಮಲಗಿಸುತ್ತಿದ್ದರು.

ಅವರ ಹೆಂಡತಿ ಪ್ರಾಥಮಿಕ ಶಾಲೆಯ ಟೀಚರಮ್ಮ. ನಲವತ್ತು ಮಕ್ಕಳನ್ನು ಒಂದೇ ಕೂಗಿಗೆ ಕೂರಿಸುವ ದನಿ. ಆ ದನಿಯಲ್ಲೇ ಆ ಭಾನುವಾರವೂ ಕೇಳಿದರು.

"ರೀ, ದಿನಕ್ಕೆ ನಾಲ್ಕು ಸಲ ಆ ಬಲ್ಬು ಬದಲಾಯಿಸ್ತೀರಲ್ಲ, ಬಚ್ಚಲುಮನೇದು ಕೆಟ್ಟು ಹದಿನೈದು ದಿನ ಆಯ್ತು. ಅದಕ್ಕೂ ಒಂಚೂರು ಕೈ ಹಾಕಿ."

"ಇದು ಬಲ್ಬಲ್ಲ ಕಣೇ, ಟ್ಯೂಬು."

"ಟ್ಯೂಬಾದ್ರೆ ಇನ್ನೂ ಒಳ್ಳೇದು, ತಂದು ಅಲ್ಲೇ ಹಾಕಿ."

ಅವತ್ತು ರೇಡಿಯೋ ರಿಪೇರಿಯ ಅಜ್ಜನಿಂದ ಐದನೆಯ ಜೋಡಿ ಬಂದಿತ್ತು. ಅಜ್ಜ ತನ್ನ ಯೌವನದಿಂದ ಬಚ್ಚಿಟ್ಟಿದ್ದ ಟ್ಯೂಬುಗಳಂತೆ. ರಾಯರು ಅವನ್ನು ಬಟ್ಟೆಯಲ್ಲಿ ಹಿಡಿದು, ಪಿನ್ನು ಬಾಗದ ಹಾಗೆ ನೇರಕ್ಕೆ ಒತ್ತಿ ಕೂರಿಸಿದರು. ಹೆಡ್‌ಫೋನಿನ ಪಟ್ಟಿ ಅದುಮುತ್ತದೆಂದು ಕನ್ನಡಕ ತೆಗೆದಿಟ್ಟರು. ಟ್ಯೂಬು ಕೆಂಪಾಗುವವರೆಗೆ ಕಾದರು. ಹಾಡು ಶುರುವಾಯಿತು.

ಬಲಗಿವಿಯಲ್ಲಿ ಸ್ವರ್ಗ. ಎಡಗಿವಿಯಲ್ಲಿ ಯಾರೋ ಕಂಬಳಿ ಹೊದ್ದುಕೊಂಡು ಹಾಡುತ್ತಿದ್ದಾರೆ.

ರಾಯರು ಅಜ್ಜನಿಗೆ ಫೋನ್ ಮಾಡಿ ತರಾಟೆಗೆ ತೆಗೆದುಕೊಂಡರು. ಅಜ್ಜನಿಗೆ ಇದೆಲ್ಲ ಹೊಸದಲ್ಲ.

"ಗಾಬರಿ ಮಾಡ್ಕೋಬೇಡಿ ರಾಯರೇ. ಎಡಗಡೆ ಟ್ಯೂಬು ಬಲಕ್ಕೆ ಹಾಕಿ, ಬಲಗಡೇದು ಎಡಕ್ಕೆ ಹಾಕಿ. ಮಂಕು ದನಿ ಬಲಗಿವಿಗೆ ಬಂದ್ರೆ ತಪ್ಪು ಟ್ಯೂಬಿಂದು, ನಾನು ವಾಪಸ್ ತಗೋತೀನಿ. ಎಡಗಿವೀಲೇ ಉಳಿದ್ರೆ ಟ್ಯೂಬು ಚೆನ್ನಾಗಿದೆ ಅಂತ ಲೆಕ್ಕ. ಆಮೇಲೆ ಟ್ಯೂಬು ಮೊದಲಿನ ಹಾಗೇ ಇಟ್ಟು, ಹೆಡ್‌ಫೋನ್ ತಿರುಗಿಸಿ ಹಾಕ್ಕೊಳ್ಳಿ. ಮಂಕು ಬಲಗಿವಿಗೆ ದಾಟಿದ್ರೆ ಡಬ್ಬಿಯೋ ಹೆಡ್‌ಫೋನೋ ಕೆಟ್ಟಿದೆ."

"ದಾಟದೇ ಇದ್ರೆ?"

"ದಾಟುತ್ತೆ ಬಿಡಿ" ಎಂದು ಅಜ್ಜ ಫೋನ್ ಇಟ್ಟ.

ರಾಯರು ಡಬ್ಬಿ ಆರಿಸಿ, ಟ್ಯೂಬು ತಣ್ಣಗಾಗಲೆಂದು ಕಾದರು. ಪೂರ್ತಿ ಕಾಯುವ ತಾಳ್ಮೆ ಇಲ್ಲದೆ ಬೆರಳು ಸುಟ್ಟುಕೊಂಡರು. ಆ ಟ್ಯೂಬು ಈಚೆಗೆ, ಈ ಟ್ಯೂಬು ಆಚೆಗೆ ಹಾಕಿ, ತೊಡೆಯ ಮೇಲೆ ಬಿದ್ದಿದ್ದ ಹೆಡ್‌ಫೋನನ್ನು ಗಡಿಬಿಡಿಯಲ್ಲಿ ತಲೆಗೇರಿಸಿದರು. ಮಂಕು ಎಡಗಿವಿಯಲ್ಲೇ ಇತ್ತು. ಹಾಗಾದರೆ ಟ್ಯೂಬಿನದು ತಪ್ಪಲ್ಲ! ಟ್ಯೂಬುಗಳನ್ನು ಮೊದಲಿನ ಜಾಗಕ್ಕೆ ಹಾಕಿ, ಹೆಡ್‌ಫೋನ್ ತೆಗೆದು, ಉಲ್ಟಾ ತಿರುಗಿಸಿ ಹಾಕಿಕೊಂಡರು.

ಮಂಕು ಎಡಗಿವಿ ಬಿಟ್ಟು ಕದಲಲಿಲ್ಲ.

ಟ್ಯೂಬು ಬದಲಾಯಿತು, ಹೆಡ್‌ಫೋನು ಬದಲಾಯಿತು. ಬದಲಾಗದೆ ಉಳಿದದ್ದು ಇನ್ನೇನು? ತಲೆಗೆ ಅಂಟಿಕೊಂಡಿರುವ ಈ ಕಿವಿ ಒಂದೇ. ಹದಿನೆಂಟು ವರ್ಷ ಅನ್ನ ಹಾಕಿದ ಎಡಗಿವಿ! ಅದನ್ನು ಕಿತ್ತು ಬಲಗಡೆ ಹಾಕಿ ನೋಡುವ ವಿದ್ಯೆ ಅಜ್ಜನ ಹತ್ತಿರವೂ ಇಲ್ಲ. ರಾಯರು ಕುರ್ಚಿಯ ತೋಳು ಹಿಡಿದು ಕೂತುಬಿಟ್ಟರು.

(ಹಳೆಯ ಜೋಡಿಯನ್ನು ಹಾಕಿ ಕೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹೊರಗೆ ನಿಂತವರಿಗೆ ಎಲ್ಲವೂ ಸುಲಭ. ಅದರಲ್ಲೂ ಎಡಗಡೆ ಕೇಳಿಸದಿದ್ದರೆ? ಆ ಪ್ರಶ್ನೆಗೆ ಹೆದರಿ ರಾಯರು ಡಬ್ಬಿಯ ಮೇಲೆ ಬಟ್ಟೆ ಮುಚ್ಚಿದರು. ಭಯಕ್ಕೆ ಸಾಕ್ಷಿ ಬೇಡ, ಜಾಗ ಸಿಕ್ಕರೆ ಸಾಕು.)

ಅಲ್ಲಿಂದ ಶುರುವಾಯಿತು ನೋಡಿ ಕರ್ಣಪರೀಕ್ಷೆಯ ಮಹಾಯಜ್ಞ. ಕೈಗಡಿಯಾರ ಬಿಚ್ಚಿ ಎಡಗಿವಿಗೆ ಹಿಡಿದರು. ಟಿಕ್ ಟಿಕ್ ಕೇಳಿಸಿತು. ಆದರೆ ಇದು ಗಡಿಯಾರದ ಸದ್ದೋ, ಗಡಿಯಾರ ಹೀಗೇ ಸದ್ದು ಮಾಡುತ್ತದೆಂದು ಗೊತ್ತಿರುವ ಮನಸ್ಸಿನ ಸದ್ದೋ? ಬೆರಳು ಉಜ್ಜಿ ಕೇಳಿದರು. ಬಲಗಿವಿಯಲ್ಲಿ ಸರ್ ಸರ್, ಎಡಗಿವಿಯಲ್ಲಿ ಬರೀ ಸರ. ಇನ್ನೊಮ್ಮೆ ಉಜ್ಜಿದರು. ಈಗ ಎರಡೂ ಕಡೆ ಸರ ಮಾತ್ರ! ಬಲಗಿವಿಯೂ ಹೊರಟಿತೇ? ಅವರ ದೊಡ್ಡಪ್ಪ ಐವತ್ತಕ್ಕೇ ಕಿವುಡಾಗಿ, ಯಾರು ಏನು ಕೇಳಿದರೂ "ಊಟ ಆಯ್ತು" ಎನ್ನುತ್ತಾ ಉಳಿದ ಆಯುಷ್ಯ ಕಳೆದದ್ದು ನೆನಪಾಗಿ ರಾಯರು ಗಡಿಯಾರವನ್ನು ಮತ್ತೆ ಕಿವಿಗೆ ಹಿಡಿದರು.

ಸೋಮವಾರ ಕಾರ್ಖಾನೆಯಲ್ಲಿ ಸಲಾಕೆಯನ್ನು ಎಡಗಿವಿಗೆ ಹಚ್ಚಿದರು. ಪಂಪಿನ ಸದ್ದು ಕೇಳಿಸುತ್ತಿತ್ತು, ಆದರೆ ನಂಬುವುದು ಹೇಗೆ? ಕೆಟ್ಟ ಪಂಪನ್ನು ಪಾಸು ಮಾಡಿ, ಅದು ಯಾರದೋ ಬಾವಿಯಲ್ಲಿ ಕೂತು ನಿಂತುಹೋದರೆ? ಯಾವುದಕ್ಕೂ ಇರಲಿ ಎಂದು ಸಂಜೆಯವರೆಗೆ ಬಂದ ಇಪ್ಪತ್ತೊಂದು ಪಂಪುಗಳನ್ನೂ "ಬಿಚ್ಚಿ" ಎಂದರು. ಫೋರ್‌ಮನ್ ಎಡಗಡೆಯಿಂದ ಬಂದು ನಿಂತ.

"ಏನ್ ರಾಯರೇ, ಇವತ್ತು ಒಂದಕ್ಕೂ ಮೋಕ್ಷ ಇಲ್ವಾ?"

ಮಾತು ಸ್ಪಷ್ಟವಾಗಿ ಕೇಳಿಸಿತು. ಬೇರೆಯವರಾದರೆ ಕುಣಿದಾಡುತ್ತಿದ್ದರು. ರಾಯರು ಮಾತ್ರ, ಬಲಗಿವಿ ಪಾಪ, ತಲೆ ಸುತ್ತುಹಾಕಿ ಬಂದು ಎಡಗಿವಿಯ ಕೆಲಸವನ್ನೂ ಮಾಡುತ್ತಿದೆ ಎಂದುಕೊಂಡು ಅದರ ಮೇಲೆ ಕನಿಕರಪಟ್ಟರು. ಕಿವಿ ಹೋಯಿತೆಂದು ಗೊತ್ತಾದರೆ ತಮ್ಮನ್ನು ಗೇಟಿನಲ್ಲಿ ಕೂರಿಸಿ, ಬಂದ ಲಾರಿಯ ನಂಬರು ಬರೆಯಲು ಹಚ್ಚುತ್ತಾರೆ. ಕಿವಿಯಿಲ್ಲದ ಕಿವಿರಾಯ! ಬಿಚ್ಚಿಟ್ಟ ಇಪ್ಪತ್ತೊಂದು ಪಂಪುಗಳಲ್ಲೂ ಬೇರಿಂಗು ಕನ್ನಡಿಯಂತೆ ಹೊಳೆಯುತ್ತಿದ್ದದ್ದನ್ನು ಕಂಡು ಫೋರ್‌ಮನ್ ರಾಯರ ಮುಖವನ್ನೇ ನೋಡಿದ. ಬೈದಿದ್ದರೆ ಚೆನ್ನಾಗಿತ್ತು.

ಮೂರು ದಿನ ನುಂಗಿಕೊಂಡರು. ಬುಧವಾರ ಸಂಜೆ ಟೀಚರಮ್ಮ ಮಕ್ಕಳ ಕಾಪಿ ತಿದ್ದುತ್ತಾ ಕೂತಿದ್ದಾಗ ರಾಯರು ಎದುರಿಗೆ ಬಂದು ನಿಂತರು.

"ಏನೇ... ನನ್ನ ಎಡಗಿವಿ ಹೋಯ್ತು ಕಣೇ."

"ಎಲ್ಲಿಗೆ?" ಎಂದು ಟೀಚರಮ್ಮ ತಲೆ ಎತ್ತಿದವರು ಗಂಡನ ಮುಖ ನೋಡಿ ಕೆಂಪು ಪೆನ್ನು ಕೆಳಗಿಟ್ಟರು. ಆ ಮುಖ ತಮಾಷೆಯ ಮುಖವಾಗಿರಲಿಲ್ಲ. ರಾಯರು ಟ್ಯೂಬು, ಹೆಡ್‌ಫೋನು, ಅಜ್ಜ, ದೊಡ್ಡಪ್ಪ, ಗೇಟು, ಲಾರಿ ನಂಬರು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಕೊನೆಗೆ, "ನಿನ್ನ ದನಿ ಕೂಡ ಇನ್ನೆಷ್ಟು ದಿನ ಕೇಳ್ತೀನೋ ಏನೋ" ಎಂದರು.

ಟೀಚರಮ್ಮ ಹೆದರಿಬಿಟ್ಟರು. ಎದ್ದು ಬಂದು ಗಂಡನ ಬಲಗಡೆಗೆ ಕೂತು (ಕೇಳಿಸುವ ಕಡೆ ಅದೇ ತಾನೇ) ಕೈ ಹಿಡಿದುಕೊಂಡರು.

"ಅಯ್ಯೋ, ಇಷ್ಟು ವರ್ಷ ನನಗೆ ಹೊಳೀಲೇ ಇಲ್ವಲ್ರೀ! ಒಲೆ ಮುಂದಿಂದ ಗಂಟಲು ಹರಿಯೋ ಹಾಗೆ ಕೂಗ್ತಿದ್ದೆ, ನೀವು ಅಲ್ಲಾಡ್ತಾನೇ ಇರ್ಲಿಲ್ಲ. ಕಲ್ಲು ಅಂತ ಬೈದೆ, ಕಂಬ ಅಂತ ಬೈದೆ. ಪಾಪ, ಕೇಳಿಸ್ತಾನೇ ಇರ್ಲಿಲ್ಲ ನಿಮಗೆ!"

ಈ ಮಾತು ಕೇಳಿ ರಾಯರಿಗೆ ಸಮಾಧಾನವಾಗುವ ಬದಲು ದಿಗಿಲು ಇಮ್ಮಡಿಯಾಯಿತು. ಹೌದಲ್ಲ! ಅವಳು ಕೂಗಿದಾಗ ತಾನು ಏಳುತ್ತಿರಲಿಲ್ಲ. ಅದರಲ್ಲಿ ಕೇಳಿಸಿಯೂ ಏಳದೆ ಇದ್ದದ್ದೆಷ್ಟು, ನಿಜವಾಗಿ ಕೇಳಿಸದೆ ಇದ್ದದ್ದೆಷ್ಟು? ಎಲ್ಲವೂ ಜಾಣಗಿವುಡು ಎಂದೇ ಅವರು ತಿಳಿದಿದ್ದರು. ಈಗ ನೋಡಿದರೆ ಒಳಗೊಳಗೇ ಅಸಲಿ ಕಿವುಡೂ ಬೆಳೆಯುತ್ತಿತ್ತೋ ಏನೋ!

ಮರುದಿನ ಟೀಚರಮ್ಮ ಶಾಲೆಗೆ ರಜೆ ಹಾಕಿದರು. ಬೆಳಗಿನ ಕಾಫಿಯನ್ನು ಗಂಡ ಕೂತಲ್ಲಿಗೇ ತಂದುಕೊಟ್ಟರು. ಬೀದಿ ದಾಟುವಾಗ ತೋಳು ಹಿಡಿದುಕೊಂಡರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ರಾಯರು ಗೋಡೆಗೆ ತೂಗುಹಾಕಿದ್ದ ಕಿವಿಯ ಚಿತ್ರ ನೋಡಿದರು. ಒಳಗೆ ಬಸವನಹುಳುವಿನಂಥದ್ದೊಂದು ಸುರುಳಿ ಸುತ್ತಿಕೊಂಡಿತ್ತು. ತಮ್ಮದು ಸತ್ತುಹೋಗಿರಬೇಕು ಎನಿಸಿ ಮುಖ ತಿರುಗಿಸಿಕೊಂಡರು.

ಕಿವಿಯ ಡಾಕ್ಟರಮ್ಮ ಕಿವಿಯೊಳಗೆ ದೀಪ ಬಿಟ್ಟು ನೋಡಿ, "ಸ್ವಚ್ಛವಾಗಿದೆ" ಎಂದರು. ರಾಯರ ಪ್ರಾಣ ಬಾಯಿಗೆ ಬಂತು. ಕೊಳೆಯಿದ್ದರೆ ತೆಗೆಯಬಹುದಿತ್ತು; ಸ್ವಚ್ಛವಾಗಿದ್ದರೆ ತೆಗೆಯುವುದೇನನ್ನು?

"ಮನೇಲಿ ಕೂಗಿದ್ರೆ ಕೇಳಿಸುತ್ತಾ ಇವರಿಗೆ?" ಎಂದು ಡಾಕ್ಟರಮ್ಮ ಟೀಚರಮ್ಮನನ್ನು ಕೇಳಿದರು.

"ಇಲ್ಲ ಡಾಕ್ಟ್ರೇ. ಎಷ್ಟೋ ವರ್ಷದಿಂದ ಇಲ್ಲ. ನೀರು ಹಿಡೀರಿ ಅಂದ್ರೆ ಕೇಳಿಸಲ್ಲ, ಬಟ್ಟೆ ಒಣಗಿಸಿ ಅಂದ್ರೆ ಕೇಳಿಸಲ್ಲ, ನಮ್ಮ ತಾಯಿ ಫೋನು ಮಾಡಿದಾರೆ ಅಂದ್ರಂತೂ ಪೂರ್ತಿ ಕೇಳಿಸಲ್ಲ." ಟೀಚರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಾನು ಪಾಪಿ, ಬೈದುಬಿಟ್ಟೆ."

ಡಾಕ್ಟರಮ್ಮ ಎಲ್ಲವನ್ನೂ ಬರೆದುಕೊಂಡು ರಾಯರನ್ನು ಗಾಜಿನ ಕೋಣೆಯಲ್ಲಿ ಕೂರಿಸಿದರು. ಸದ್ದು ಯಾವ ಕಿವಿಗೆ ಬಂದರೆ ಆ ಕಡೆಯ ಕೈ ಎತ್ತಬೇಕು. ರಾಯರು ಕನ್ನಡಕ ತೆಗೆದು, ಡಾಕ್ಟರಮ್ಮನ ಕೈಯಿಂದ ಹೆಡ್‌ಫೋನನ್ನು ಎಳೆದುಕೊಂಡು ತಾವೇ ಹಾಕಿಕೊಂಡರು. ಎಷ್ಟಾದರೂ ಪಳಗಿದ ಕೈ.

ಕುಂಯ್ ಎಂದು ಸಣ್ಣ ಸದ್ದು ಬಂತು. ರಾಯರು ಬಲಗೈ ಎತ್ತಿದರು. ಗಾಜಿನಾಚೆ ಡಾಕ್ಟರಮ್ಮನ ಹುಬ್ಬು ಮೇಲೇರಿತು. ಮತ್ತೆ ಕುಂಯ್. ಮತ್ತೆ ಬಲಗೈ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಎದ್ದರು. ಆಯಿತು, ಮುಗಿಯಿತು ಎಂದುಕೊಂಡು ರಾಯರು ಕಣ್ಣು ಮುಚ್ಚಿದರು. ಗೇಟು ಕಾಣಿಸಿತು. ಲಾರಿಗಳು ಸಾಲಾಗಿ ಬರುತ್ತಿದ್ದವು.

ಬಾಗಿಲು ತೆರೆಯಿತು. "ಸಾರ್, ನೀಲಿ ಎಡಕ್ಕೆ, ಕೆಂಪು ಬಲಕ್ಕೆ. ನೀವು ಉಲ್ಟಾ ಹಾಕ್ಕೊಂಡಿದೀರಿ."

ರಾಯರು ಕಣ್ಣು ಬಿಟ್ಟರು. ಬಾಯಿಯನ್ನೂ ಬಿಟ್ಟರು. ಉಲ್ಟಾ! ಭಾನುವಾರ ಕನ್ನಡಕವಿಲ್ಲದೆ ತೊಡೆಯ ಮೇಲಿಂದ ಎತ್ತಿ ಹಾಕಿಕೊಂಡದ್ದೂ ಉಲ್ಟಾ! ಟ್ಯೂಬು ಅದಲುಬದಲಾದಾಗ ಮಂಕು ಬಲಕ್ಕೆ ಹೋಗಿಯೇ ಇತ್ತು. ಉಲ್ಟಾ ಹೆಡ್‌ಫೋನು ಅದನ್ನು ಮರಳಿ ಎಡಗಿವಿಗೇ ತಂದು ಸುರಿದಿತ್ತು. ಆಮೇಲೆ ತಿರುಗಿಸಿ ಹಾಕಿಕೊಂಡೆ ಎಂದುಕೊಂಡಾಗ ಅದು ಸರಿಯಾಗಿ ಕೂತಿತ್ತು!

"ಟ್ಯೂಬು!" ಎಂದು ರಾಯರು ಕೂಗಿದರು. "ಡಾಕ್ಟ್ರೇ, ತಪ್ಪು ಟ್ಯೂಬಿಂದು! ನಂದಲ್ಲ! ಟ್ಯೂಬಿಂದು!"

ಡಾಕ್ಟರಮ್ಮ ಒಂದು ಹೆಜ್ಜೆ ಹಿಂದೆ ಸರಿದು, "ಆಯ್ತು ಸಾರ್, ಟ್ಯೂಬಿಂದೇ, ಕೂತ್ಕೊಳ್ಳಿ" ಎಂದು ಸಮಾಧಾನದ ದನಿಯಲ್ಲಿ ಹೇಳಿ, ತಾವೇ ಹೆಡ್‌ಫೋನನ್ನು ಸರಿಪಡಿಸಿ ಪರೀಕ್ಷೆ ಮುಂದುವರಿಸಿದರು. ರಾಯರಿಗೆ ಈಗ ಎಲ್ಲವೂ ಕೇಳಿಸಿತು. ಕುಂಯ್ ಎಂದದ್ದು ಕೇಳಿಸಿತು, ಕುಂಯ್ ಎನ್ನಲು ಹೊರಟದ್ದೂ ಕೇಳಿಸಿತು. ಭಯವೆಲ್ಲ ಇಳಿದುಹೋಗಿ, ಎರಡು ಕೈಗಳನ್ನೂ ಕವಾಯತಿನಂತೆ ಎತ್ತಿ ಇಳಿಸಿ ಹಗುರಾಗಿ ಹೊರಬಂದರು.

ಡಾಕ್ಟರಮ್ಮ ನಕ್ಷೆಯ ಹಾಳೆಯನ್ನು ಟೀಚರಮ್ಮನ ಮುಂದಿಟ್ಟರು. "ಏನೂ ತೊಂದರೆ ಇಲ್ಲಮ್ಮ. ಇಪ್ಪತ್ತು ವರ್ಷದ ಹುಡುಗರಿಗೂ ಇಂಥ ಕಿವಿ ಇರಲ್ಲ. ಎರಡೂ ಕಡೆ ಪಿಸುಗುಟ್ಟಿದ್ರೂ ಕೇಳಿಸುತ್ತೆ."

"ದೇವರು ದೊಡ್ಡವನು!" ಎಂದು ಟೀಚರಮ್ಮ ಕೈ ಮುಗಿದರು. ಮುಗಿದ ಕೈ ಹಾಗೆಯೇ ನಿಂತಿತು. ರಾಯರು ಆ ನಿಂತ ಕೈಗಳನ್ನು ನೋಡಿದರು. ಈ ನಾಲ್ಕು ದಿನದ ಭಯವೆಲ್ಲ ಒಂದು ತೂಕ, ಈಗ ಎದ್ದ ಭಯವೇ ಒಂದು ತೂಕ.

"ಡಾಕ್ಟ್ರೇ," ಟೀಚರಮ್ಮನ ದನಿ ತರಗತಿಯ ದನಿಯಾಗಿತ್ತು, "ಒಲೆ ಮುಂದೆ ನಿಂತು ಹಜಾರಕ್ಕೆ ಕೂಗಿದ್ರೆ?"

"ಎಷ್ಟು ದೂರ?"

"ಹದಿನೈದು ಹೆಜ್ಜೆ."

"ಕೂಗೋದು ಯಾಕಮ್ಮ, ಮೆಲ್ಲಗೆ ಹೇಳಿದ್ರೂ ಕೇಳಿಸ್ಬೇಕು."

"ನಾನೇನೋ ಆ ಹೊತ್ತಿಗೆ..." ಎಂದು ರಾಯರು ಬಾಯಿ ಹಾಕಿದರು. ಟೀಚರಮ್ಮ ಅವರತ್ತ ತಿರುಗಿಯೂ ನೋಡಲಿಲ್ಲ.

"ಅದನ್ನೇ ಬರೆದು, ಸಹಿ ಹಾಕಿ, ಸೀಲು ಒತ್ತಿ ಕೊಡಿ ಡಾಕ್ಟ್ರೇ. ತಾರೀಕೂ ಇರಲಿ."

ಡಾಕ್ಟರಮ್ಮ ಬರೆದುಕೊಟ್ಟರು. ಟೀಚರಮ್ಮ ಓದಿ ನೋಡಿ, ಒಂದು ಕಾಗುಣಿತ ತಿದ್ದಿಸಿ, ನಾಲ್ಕಾಗಿ ಮಡಚಿ ಚೀಲದೊಳಗಿಟ್ಟರು. ಬೀದಿಗೆ ಬಂದರು. ಈ ಸಲ ತೋಳು ಹಿಡಿಯಲಿಲ್ಲ. ಮುಂದೆ ಮುಂದೆ ನಡೆದರು. ಬಸ್ಸು, ಆಟೋ, ಹಾರನ್ನು, ಹಣ್ಣಿನವನ ಕೂಗು, ಇಷ್ಟೆಲ್ಲದರ ನಡುವೆ, ಹಿಂತಿರುಗಿ ನೋಡದೆ, ತುಟಿ ಅಲ್ಲಾಡಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ ಹೇಳಿದರು:

"ನಾಳೆ ನಮ್ಮಮ್ಮ ಬರ್ತಾರೆ. ಒಂದು ತಿಂಗಳು ಇರ್ತಾರೆ. ಹಜಾರದ ಮೂಲೇಲಿರೋ ಆ ಡಬ್ಬಿ ತೆಗೆದು ಅವರ ಮಂಚ ಹಾಕ್ಬೇಕು."

"ಆಂ? ಏನಂದೆ?" ಎಂದವು ರಾಯರ ತುಟಿಗಳು, ಎಷ್ಟೋ ವರ್ಷದ ಅಭ್ಯಾಸ.

ಟೀಚರಮ್ಮ ನಿಂತರು. ಚೀಲದ ಜಿಪ್ಪು ಎಳೆದರು.

"ಬೇಡ ಬೇಡ, ತೆಗೀಬೇಡ!" ರಾಯರು ಓಡಿ ಬಂದರು. "ಕೇಳಿಸ್ತು ಕಣೇ. ಎರಡೂ ಕಿವೀಲಿ ಕೇಳಿಸ್ತು."