ಭಾನುವಾರ ನಾಲ್ಕು ಗಂಟೆಗೆ ತೇಲಬೇಕಾಗಿದ್ದ ದೋಣಿ

ಅಗಸೆ ಎಣ್ಣೆ, ಡಾಂಬರು, ಒದ್ದೆ ಹಗ್ಗ. ಬಾಲ್ಯದ ಈ ಮೂರು ವಾಸನೆಗಳು ಒಟ್ಟಿಗೆ ಮೂಗಿಗೆ ಬಡಿದರೆ ಐವತ್ತೆರಡು ವರ್ಷದ ಗಂಡಸು ಅರೆಕ್ಷಣದಲ್ಲಿ ಆರು ವರ್ಷದವನಾಗಿಬಿಡಬಹುದು. ಆಗಲಿ, ತಪ್ಪಿಲ್ಲ. ಆದರೆ ಅದೇ ಗುಂಗಿನಲ್ಲಿ ಕೂತು ಕರಾರುಪತ್ರ ಬರೆಯಬಾರದು. ನೋಂದಣಿ ಕಚೇರಿಯ ನಮ್ಮ ಗುಮಾಸ್ತ ಬರೆದ.

ಅವನು ಮನೆಯ ಹಿಂದಿನ ಶೆಡ್ಡಿಗೆ ಹೋದದ್ದು ಏಣಿ ಹುಡುಕಲು. ಅಲ್ಲಿ ಟಾರ್ಪಾಲಿನಡಿ ಅಪ್ಪನ ಹಾಯಿದೋಣಿ ಇಪ್ಪತ್ತು ವರ್ಷದಿಂದ ಮಲಗಿತ್ತು. ಅದರ ಮೇಲೆ ಚಕ್ರವಿಲ್ಲದ ಸೈಕಲ್ಲು, ಕಾಲು ಮುರಿದ ಎರಡು ಕುರ್ಚಿ, ಯಾರೂ ಓದದ ಪತ್ರಿಕೆಗಳ ಕಟ್ಟು. ಏಣಿ ಎಳೆಯುವಾಗ ಟಾರ್ಪಾಲು ಸರಿಯಿತು, ವಾಸನೆ ಎದ್ದಿತು, ಗುಮಾಸ್ತ ಅಲ್ಲೇ ಕೂತುಬಿಟ್ಟ.

ಮರುದಿನದಿಂದ ಕಚೇರಿಯಲ್ಲಿ ಬೇರೆ ಮಾತೇ ಇಲ್ಲ. "ಅಪ್ಪ ಚುಕ್ಕಾಣಿ ಹಿಡೀತಿದ್ರು, ನಾನು ಹಾಯಿ ಹಿಡೀತಿದ್ದೆ. ಎಂಥಾ ಗಾಳಿ ಅಂತೀರಿ!" ಎಂದು ಊಟದ ಹೊತ್ತಿಗೊಮ್ಮೆ, ಕಾಫಿ ಹೊತ್ತಿಗೊಮ್ಮೆ ಅವನು ಹೇಳಿದ್ದನ್ನು ಕೇಳಿ ಕೇಳಿ ಸಹೋದ್ಯೋಗಿಗಳು ಅವನಿಗೆ 'ಕ್ಯಾಪ್ಟನ್' ಎಂದು ಹೆಸರಿಟ್ಟರು. ಅವನಿಗೆ ಎದೆಯುಬ್ಬಿತು. ಕಚೇರಿಯ ಒಂಟಿಗಣ್ಣಿನ ಬೆಕ್ಕಿಗೂ ಅದೇ ಹೆಸರಿದೆ ಎಂಬುದು ಆಮೇಲೆ ತಿಳಿಯಿತು.

ಒಂದು ದಿನ ಅಕ್ಕ ಬಂದಳು. ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಹೆಡ್‌ಮಿಸ್ಟ್ರೆಸ್ ಆಗಿದ್ದು ಹೋದ ವರ್ಷ ನಿವೃತ್ತಿಯಾಗಿದ್ದಳು. ಶೆಡ್ಡಿಗೆ ಹೋಗಿ ಕೊಡೆಯ ತುದಿಯಿಂದ ದೋಣಿಯ ಬದಿಯನ್ನು ತಟ್ಟಿ ನೋಡಿದಳು.

"ಏನಾದ್ರೂ ಮಾಡು, ಏನಾದ್ರೂ ಮಾಡು ಅಂತ ಇಪ್ಪತ್ತು ವರ್ಷದಿಂದ ಬಡ್ಕೊಂಡೆ. ಸತ್ತ ಎಮ್ಮೆ ಥರ ಮಲಗಿಸಿದ್ದೀಯ. ನನಗೆ ಕೊಟ್ಟುಬಿಡು. ನಮ್ಮ ಶಾಲೆ ಅಂಗಳದಲ್ಲಿಟ್ಟು ಮರಳು ತುಂಬಿಸ್ತೀನಿ, ಮಕ್ಕಳಾದ್ರೂ ಆಡ್ಕೊಳ್ಳಲಿ."

"ಮರಳಾ? ಅಪ್ಪನ ದೋಣಿಗೆ ಮರಳಾ?"

"ಮತ್ತೆ ನೀರಿಗೆ ಇಳಿಸು, ನೋಡೋಣ."

"ಇಳಿಸ್ತೀನಿ."

"ಯಾವಾಗಪ್ಪಾ? ಮುಂದಿನ ಜನ್ಮದಲ್ಲಾ?"

ಬೇರೆ ಯಾರಾದರೂ ಆಗಿದ್ದರೆ ಸಿಟ್ಟಿಗೆ ನಾಲ್ಕು ಮಾತಾಡಿ ಸುಮ್ಮನಾಗುತ್ತಿದ್ದರು. ಕ್ಯಾಪ್ಟನ್ ಒಳಗೆ ಹೋಗಿ ಕಾಗದ ತಂದ. ಇಪ್ಪತ್ತೇಳು ವರ್ಷ ಊರಿನವರ ಕರಾರುಗಳನ್ನು ಓದಿ ಅವುಗಳಲ್ಲಿ ತಪ್ಪು ಹುಡುಕಿದವನು ಅವನು. ತನ್ನ ಕರಾರಿನಲ್ಲಿ ಒಂದು ಇರುವೆಯೂ ನುಸುಳದಂತೆ ಬರೆದ. ಮೂರು ತಿಂಗಳ ನಂತರದ ಮೊದಲ ಭಾನುವಾರ, ಸಂಜೆ ನಾಲ್ಕು ಗಂಟೆಗೆ ಸದರಿ ದೋಣಿಯು ನೀರಿನ ಮೇಲೆ ತೇಲತಕ್ಕದ್ದು. ತೇಲದಿದ್ದಲ್ಲಿ ಅಕ್ಕನಿಗೆ ಸೇರತಕ್ಕದ್ದು. ಗಾಳಿ, ಮಳೆ, ಮರದ ಗುಣ, ದೈವೇಚ್ಛೆ ಇತ್ಯಾದಿ ಯಾವ ನೆಪವೂ ಸಲ್ಲತಕ್ಕದ್ದಲ್ಲ. ಒಮ್ಮೆ ಸೇರಿದ ಮೇಲೆ ಯಾವ ಕಾರಣಕ್ಕೂ ಹಿಂದಿರುಗತಕ್ಕದ್ದಲ್ಲ.

"ಇಷ್ಟೊಂದು ಬಿಗಿ ಯಾಕ್ರೀ? ನಿಮ್ಮ ಕುತ್ತಿಗೆಗೇ ಸುತ್ತಿಕೊಂಡೀತು," ಎಂದಳು ಹೆಂಡತಿ.

"ಬಿಗಿ ಇರೋದು ಅಕ್ಕ ಆಮೇಲೆ ಮಾತು ತಪ್ಪಬಾರದು ಅಂತ," ಎಂದ ಕ್ಯಾಪ್ಟನ್.

ಅಕ್ಕ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಸಹಿ ಹಾಕಿ, ಒಂದು ಪ್ರತಿಯನ್ನು ಮಡಚಿ ಕೈಚೀಲಕ್ಕೆ ಸೇರಿಸಿದಳು.

ಮೂರು ತಿಂಗಳು ಕ್ಯಾಪ್ಟನ್ ದೋಣಿಯನ್ನು ಉಜ್ಜಿದ. ಕಚೇರಿಗೆ ಮುಂಚೆ ಉಜ್ಜಿದ, ಕಚೇರಿಯಿಂದ ಬಂದು ಉಜ್ಜಿದ. ಉಜ್ಜುಕಾಗದ ತಾಗಿ ಬೆರಳಚ್ಚು ಸವೆದುಹೋಗಿ, ಕಚೇರಿಯ ಹಾಜರಾತಿ ಮೆಷಿನ್ನು 'ನೀವು ಯಾರು?' ಎಂಬಂತೆ ಕೆಂಪು ದೀಪ ತೋರಿಸತೊಡಗಿತು. ಹಾಯಿಗೆ ತೇಪೆ ಹಾಕಿದ. ಹೊಲಿಗೆ ಯಂತ್ರಕ್ಕೆ ಸಿಕ್ಕ ಅವನ ಅಂಗಿಯ ತೋಳು ಇವತ್ತಿಗೂ ಹಾಯಿಯಲ್ಲೇ ಇದೆ. ಕೊನೆಗೆ ಮೂರು ಕೋಟು ವಾರ್ನಿಶ್ ಹೊಡೆದಾಗ ದೋಣಿ ಎಷ್ಟು ಹೊಳೆಯಿತೆಂದರೆ, ಪಕ್ಕದ ಮನೆಯ ಕಟಿಂಗ್ ಶಾಪಿನವನು ಅದರಲ್ಲಿ ಮುಖ ನೋಡಿ ಮೀಸೆ ತಿದ್ದಿಕೊಂಡ.

ಆ ಭಾನುವಾರ ಬಂತು. ಬೆಳಿಗ್ಗೆ ಎಂಟಕ್ಕೆ ದೋಣಿ ತಳ್ಳುಗಾಡಿಯಲ್ಲಿ ಸರೋವರದ ಜೆಟ್ಟಿಗೆ ಹೊರಟಿತು. ಮುಂದೆ ಕ್ಯಾಪ್ಟನ್, ಹಿಂದೆ ಕಟಿಂಗ್ ಶಾಪಿನವನು, ಅವನ ಹಿಂದೆ ಎದುರುಮನೆಯ ಔಷಧಿ ಅಂಗಡಿಯವರು. ಜೆಟ್ಟಿಯ ಕಾವಲುಗಾರ ಮುದುಕ, ಮಾತು ಕಡಿಮೆ; ಯಾರೂ ಕೇಳದೆಯೇ ಬಂದು ಭಾರವಾದ ಬದಿಗೆ ಭುಜ ಕೊಟ್ಟ.

ದೋಣಿ ನೀರಿಗಿಳಿಯಿತು. ತೇಲಿತು!

"ನೋಡಿದ್ರಾ!" ಕ್ಯಾಪ್ಟನ್ ಹಾರಿ ಒಳಗೆ ಕೂತ.

ಎರಡು ನಿಮಿಷ ಕಳೆಯಿತು. ಅವನ ಚಪ್ಪಲಿ ತಣ್ಣಗಾಯಿತು. ಬಗ್ಗಿ ನೋಡಿದರೆ ತೂತು ಎಲ್ಲೂ ಇಲ್ಲ. ಆದರೆ ಪ್ರತಿ ಎರಡು ಹಲಗೆಯ ನಡುವಿನ ಸಂದಿನಿಂದಲೂ ನೀರು ಜಿನುಗುತ್ತಿತ್ತು, ಮೊದಲ ಸಲ ಭಾಷಣ ಮಾಡುವವನ ಹಣೆಯ ಹಾಗೆ.

"ಸೋರ್ತಾ ಇದೆ ಕ್ಯಾಪ್ಟನ್!" ಎಂದು ಕಟಿಂಗ್ ಶಾಪಿನವನು ಕೂಗಿದ.

"ಸೋರ್ತಿಲ್ಲ, ಸ್ವಲ್ಪ ಬೆವರ್ತಿದೆ ಅಷ್ಟೆ."

ಬೆವರು ಕಣಕಾಲಿಗೆ ಬಂದಾಗ ಎಲ್ಲರೂ ಸೇರಿ ದೋಣಿಯನ್ನು ದಡಕ್ಕೆ ಎಳೆದರು. ಔಷಧಿ ಅಂಗಡಿಯವರು ಕಿವಿಗೆ ಸಿಕ್ಕಿಸಿದ್ದ ಪೆನ್ನನ್ನು ತೆಗೆದು ಸಂದುಗಳನ್ನು ಮುಟ್ಟಿ ಮುಟ್ಟಿ ನೋಡಿದರು. "ಗಾಬರಿ ಬೇಡ. ಹತ್ತಿ, ಮೇಣ, ಮೇಲೆ ಪ್ಲಾಸ್ಟರು. ಆದ್ರೆ ಒಂದು ಮಾತು. ಗಾಯ ಒಣಗಿರಬೇಕು. ಒದ್ದೆ ಗಾಯಕ್ಕೆ ಪ್ಲಾಸ್ಟರ್ ಅಂಟಲ್ಲ."

"ಒಣಗಿಸೋದು ತಾನೆ? ಅದು ನನ್ನ ಡಿಪಾರ್ಟ್‌ಮೆಂಟು," ಎಂದು ಕಟಿಂಗ್ ಶಾಪಿನವನು ಓಡಿಹೋಗಿ ಕೂದಲು ಒಣಗಿಸುವ ಮೆಷಿನ್ ತಂದ. ಜೆಟ್ಟಿಯ ಕೊಠಡಿಯಿಂದ ವೈರು ಎಳೆದು, ದೋಣಿಯ ಒಂದೊಂದು ಹಲಗೆಗೂ ಬಿಸಿಗಾಳಿ ಬಿಟ್ಟ. ಅಭ್ಯಾಸಬಲದಿಂದ ನಡುನಡುವೆ, "ಬಿಸಿ ಜಾಸ್ತಿ ಆಯ್ತಾ ಸಾರ್?" ಎಂದು ದೋಣಿಯನ್ನೇ ಕೇಳುತ್ತಿದ್ದ.

ಒಣಗಿದ ಸಂದುಗಳಿಗೆಲ್ಲ ಔಷಧಿ ಅಂಗಡಿಯವರು ಪ್ಲಾಸ್ಟರು ಅಂಟಿಸಿದರು. ಹನ್ನೊಂದಕ್ಕೆ ಮತ್ತೆ ನೀರಿಗೆ. ಬೆಳಿಗ್ಗೆ ಎರಡು ನಿಮಿಷ ತಡೆದಿದ್ದ ದೋಣಿ ಈಗ ಒಂದೇ ನಿಮಿಷಕ್ಕೆ ಕೈಚೆಲ್ಲಿತು. ಮತ್ತೆ ಎಳೆದರು.

ಅಷ್ಟರಲ್ಲಿ ವಾಕಿಂಗಿಗೆ ಬಂದಿದ್ದ ಕಚೇರಿಯ ಹೆಡ್ ಕ್ಲರ್ಕು ಗುಂಪು ನೋಡಿ ನಿಂತರು. ಭಾನುವಾರವೂ ಅಧಿಕಾರ ಚಲಾಯಿಸಲು ಒಂದು ಜಾಗ ಸಿಕ್ಕಿದ್ದಕ್ಕೆ ಅವರ ಮುಖ ಅರಳಿತು.

"ಕ್ರಮಬದ್ಧವಾಗಿ ಹೋಗ್ರೀ. ಯಾವ ಸಂದು, ಎಷ್ಟು ಸೋರಿಕೆ, ಮೊದಲು ನಂಬರ್ ಹಾಕಿ."

ಸೀಮೆಸುಣ್ಣದಲ್ಲಿ ನಂಬರು ಹಾಕಿದರು. ಅರವತ್ತಮೂರು ಬಂತು. ಒಂದರಿಂದ ಇಪ್ಪತ್ತಕ್ಕೆ ಮೇಣ, ನಲವತ್ತರವರೆಗೆ ಬಟ್ಟೆಸೋಪು, ಉಳಿದದ್ದಕ್ಕೆ ಡಾಂಬರು ಎಂದು ಹೆಡ್ ಕ್ಲರ್ಕು ಕೆಲಸ ಹಂಚಿದರು. ಮಧ್ಯಾಹ್ನದ ಸುಡುಬಿಸಿಲಿಗೆ ದೋಣಿಯನ್ನು ಬೋರಲು ಹಾಕಿ, ತಮ್ಮ ಮನೆಯಿಂದ ಟೇಬಲ್ ಫ್ಯಾನು ತರಿಸಿ, "ಒಂದು ಹನಿ ತೇವ ಇರಕೂಡದು," ಎಂದು ಆಜ್ಞೆ ಮಾಡಿದರು.

ಕಾವಲುಗಾರ ಮುದುಕ ಒದ್ದೆ ಗೋಣಿಚೀಲವೊಂದನ್ನು ತಂದು ಮೆಲ್ಲಗೆ ದೋಣಿಯ ತಳದ ಮೇಲೆ ಹೊದಿಸಿದ. ಔಷಧಿ ಅಂಗಡಿಯವರು ಅದನ್ನು ಕಿತ್ತೆಸೆದರು.

"ಏನಯ್ಯಾ, ನಾವು ಬೆಳಗಿನಿಂದ ಒಣಗಿಸ್ತಾ ಇದ್ದರೆ ನೀನು ಬಂದು ಒದ್ದೆ ಮಾಡ್ತೀಯಾ?"

"ಅದಲ್ಲ ಸಾಮಿ, ಮರ..."

"ಮರದ ವಿಷಯ ನಮಗೆ ಬಿಡು."

ಮುದುಕ ಗೋಣಿಚೀಲ ಎತ್ತಿಕೊಂಡ. ಬರಿಯ ಕಲ್ಲಿನ ಮೇಲೆ ಮಂಡಿಯೂರಿ ಡಾಂಬರು ಹಚ್ಚುತ್ತಿದ್ದ ಕ್ಯಾಪ್ಟನ್‌ನ ಮಂಡಿಯ ಕೆಳಗೆ ಅದನ್ನು ಮಡಚಿ ಇಟ್ಟು ಹೋದ.

ಮೂರೂ ಮುಕ್ಕಾಲಿಗೆ ಅಕ್ಕ ಬಂದಳು. ಮುದುಕ ಬೆಂಚು ಒರೆಸಿಕೊಟ್ಟ. ಕ್ಯಾಪ್ಟನ್‌ನ ಮುಖದಲ್ಲಿ ಡಾಂಬರು, ಕೂದಲಲ್ಲಿ ಮೇಣ, ಮೊಣಕೈಗೆ ಹತ್ತಿ. ದೋಣಿಗಿಂತ ಅವನಿಗೇ ಹೆಚ್ಚು ರಿಪೇರಿಯಾದಂತಿತ್ತು.

"ಊಟ ಮಾಡಿದ್ಯೇನೋ?" ಎಂದಳು ಅಕ್ಕ.

"ನಾಲ್ಕು ಗಂಟೆ ಆಗಲಿ ಅಕ್ಕ, ಸಿಹಿ ಊಟಾನೇ ಮಾಡೋಣ."

ಎಷ್ಟೆಂದರೂ ಕೊನೆಯ ಪ್ರಯತ್ನ. ಹಾಯಿ ಏರಿಸಿಯೇ ಇಳಿಸೋಣ ಎಂದು ಅವನ ಆಸೆ. ದೋಣಿ ನೀರು ಮುಟ್ಟಿತು. ಗಾಳಿಗೆ ಹಾಯಿ ಉಬ್ಬಿತು. ದಡದ ಮೇಲಿನ ಜನ ಚಪ್ಪಾಳೆ ತಟ್ಟಿದರು. ಕ್ಯಾಪ್ಟನ್ ಕಂಬ ಹಿಡಿದು ನಿಂತು ಅಕ್ಕನ ಕಡೆ ಕೈ ಬೀಸಿದ. ಬೀಸುತ್ತ ಬೀಸುತ್ತ ಅವನು ಗಿಡ್ಡವಾಗತೊಡಗಿದ. ಮೊದಲು ಮಂಡಿ ಕಾಣೆಯಾಯಿತು, ಆಮೇಲೆ ಸೊಂಟ. ದೋಣಿ ಅವಸರ ಮಾಡಲಿಲ್ಲ. ಸಭೆಯ ನಡುವೆ ಎದ್ದುಹೋಗುವ ಅಧ್ಯಕ್ಷರ ಗಾಂಭೀರ್ಯದಿಂದ ತಳ ಸೇರಿತು. ಔಷಧಿ ಅಂಗಡಿಯವರ ಪ್ಲಾಸ್ಟರುಗಳು ಒಂದೊಂದಾಗಿ ಮೇಲೆದ್ದು ಬಂದವು. ಅವು ಮಾತ್ರ ಚೆನ್ನಾಗಿ ತೇಲುತ್ತಿದ್ದವು.

"ಸಮಯ ನಾಲ್ಕು," ಎಂದು ಹೆಡ್ ಕ್ಲರ್ಕು ಗಡಿಯಾರ ನೋಡಿ ದಾಖಲಿಸಿದರು.

ಸೊಂಟದುದ್ದ ನೀರಿನಲ್ಲಿ ನಡೆದು ಬಂದು ಕ್ಯಾಪ್ಟನ್ ಅಕ್ಕನ ಕೈಯಿಂದ ಕರಾರು ಇಸಿದುಕೊಂಡ. ಎಲ್ಲಾದರೂ ನುಸುಳಲು ದಾರಿಯಿದೆಯೇ ಎಂದು ಮೇಲಿಂದ ಕೆಳಗೆ ಓದಿದ. ಇರಲಿಲ್ಲ. ಇಷ್ಟು ಚೆನ್ನಾಗಿ ಬರೆದವನ ಮೇಲೆ ಅವನಿಗೆ ವಿಪರೀತ ಸಿಟ್ಟು ಬಂತು. ದೋಣಿ ಒಪ್ಪಿಸಿದ್ದೇನೆಂದು ಕೆಳಗೆ ಬರೆದು ಸಹಿ ಹಾಕಿದ. ಕಣ್ಣಲ್ಲಿದ್ದದ್ದು ಸರೋವರದ ನೀರೇ ಎಂದು ಎಲ್ಲರೂ ಒಳ್ಳೆಯ ಮನಸ್ಸಿನಿಂದ ನಂಬಿದರು.

"ಎಳೀರಪ್ಪಾ, ಮೇಲೆ ಎಳೆದು ಒಣಗಿಸೋಣ," ಎಂದ ಕಟಿಂಗ್ ಶಾಪಿನವನು, ಮೆಷಿನ್ ಕೈಗೆತ್ತಿಕೊಂಡು.

"ಯಾರೂ ಮುಟ್ಟಬೇಡಿ!" ಎಂದಳು ಅಕ್ಕ, ಶಾಲೆಯ ಧ್ವನಿಯಲ್ಲಿ. "ಅಲ್ಲೇ ಇರಲಿ. ಮಂಗಳವಾರ ಸಂಜೆ ಬಂದು ತಗೊಂಡು ಹೋಗ್ತೀನಿ." ಮುದುಕನಿಗೆ ಹೇಳಿ ದೋಣಿಯೊಳಗೆ ನಾಲ್ಕು ದೊಡ್ಡ ಕಲ್ಲನ್ನೂ ಇಡಿಸಿದಳು. ಕ್ಯಾಪ್ಟನ್‌ಗೆ ಅದು ಸಮಾಧಿಗೆ ಕಲ್ಲು ಇಟ್ಟಂತೆ ಕಂಡಿತು.

ಮಂಗಳವಾರ ಅವನಿಗೆ ಕಚೇರಿಯಲ್ಲಿ ಊಟ ಸೇರಲಿಲ್ಲ. ಅಪ್ಪನ ದೋಣಿಯನ್ನು ಕೊನೆಯ ಸಲ ನೋಡಿಬಿಡೋಣ ಎಂದು ಐದಕ್ಕೆ ಮುಂಚೆಯೇ ಜೆಟ್ಟಿಗೆ ಓಡಿದ. ಅಕ್ಕ ಅಪ್ಪನ ಹಳೆಯ ಟೋಪಿ ಹಾಕಿಕೊಂಡು ಬಕೀಟಿನಿಂದ ದೋಣಿಯ ನೀರು ಮೊಗೆದು ಹಾಕುತ್ತಿದ್ದಳು. ಕಲ್ಲುಗಳು ಆಗಲೇ ದಡದಲ್ಲಿದ್ದವು. ಇನ್ನೊಂದು ಬಕೀಟು ಮುದುಕನ ಕೈಯಲ್ಲಿತ್ತು. ಕೊನೆಯ ಬಕೀಟು ಖಾಲಿಯಾಯಿತು. ದೋಣಿ ಬಾತುಕೋಳಿಯ ಹಾಗೆ ಮೈಕೊಡವಿ ಕೂತಿತು. ಕ್ಯಾಪ್ಟನ್ ಉಸಿರು ಬಿಗಿಹಿಡಿದು ತಳವನ್ನೇ ನೋಡಿದ. ಐದು ನಿಮಿಷ. ಹತ್ತು ನಿಮಿಷ. ಒಂದು ಹನಿಯೂ ಬರಲಿಲ್ಲ.

"ಅಕ್ಕಾ! ತೇಲ್ತಾ ಇದೆ!"

"ತೇಲದೆ ಏನು? ಮರ ಎರಡು ದಿನ ಹೊಟ್ಟೆತುಂಬ ನೀರು ಕುಡಿದಿದೆ. ಹಲಗೆ ಉಬ್ಬಿ ಸಂದು ಮುಚ್ಚಿಕೊಂಡಿದೆ. ವರ್ಷ ವರ್ಷ ಅಪ್ಪ, ನಾನು ಕಲ್ಲು ಹೇರಿ ಮುಳುಗಿಸಿ ಇಡ್ತಿದ್ವಿ. ನೀವೆಲ್ಲ ಸೇರಿ ಪಾಪ, ಅದನ್ನ ತಲೆಸ್ನಾನ ಆದ ಕೂದಲಿನ ಹಾಗೆ ಒಣಗಿಸಿದ್ರಿ."

"ಗೊತ್ತಿದ್ದೂ ನೀನು ಹೇಳಲಿಲ್ವಾ?"

"ನೀನು ಕೇಳಿದ್ಯಾ? ಬಂದಾಗಲೆಲ್ಲ ನೀನು ಹಾಯಿ ಹಿಡಿದ ಕಥೆ ಹೇಳ್ತಾ ಇದ್ದೆ. ನೀನು ಈ ದೋಣಿ ಹತ್ತಿದ್ದು ಎರಡೇ ಸಲ ಕಣೋ. ಎರಡು ಸಲವೂ ಅಪ್ಪನ ಅಂಗಿ ಮೇಲೆ ವಾಂತಿ. ಆಮೇಲೆ ನಿನ್ನನ್ನ ದಡದಲ್ಲೇ ಕೂರಿಸಿ ಹೋಗ್ತಿದ್ವಿ."

ಕ್ಯಾಪ್ಟನ್ ಪ್ರತಿಭಟಿಸಲು ಬಾಯಿ ತೆರೆದ. ಕಚೇರಿಯಲ್ಲಿ ನೂರು ಸಲ ಹೇಳಿದ್ದ ಆ ದೃಶ್ಯವನ್ನು ಕಣ್ಣಮುಂದೆ ತಂದುಕೊಂಡ. ಗಾಳಿ, ನೀರು, ಚುಕ್ಕಾಣಿ ಹಿಡಿದ ಅಪ್ಪ, ಹಾಯಿ ಹಿಡಿದು ನಗುತ್ತಿದ್ದ ಎಳೆಯ ಮುಖ. ಆ ಮುಖದ ಎರಡೂ ಕಡೆ ಜಡೆ ಇದ್ದವು.

ಅವನು ಬಾಯಿ ಮುಚ್ಚಿದ. "ಮತ್ತೆ ಆ ಮರಳು?" ಎಂದ.

"ಇದಕ್ಕೆ ಮರಳು ತುಂಬೋಕೆ ನನಗೇನು ತಲೆ ಕೆಟ್ಟಿದೆಯಾ?" ಅಕ್ಕ ದೋಣಿಯ ಅಂಚನ್ನು ಸವರಿದಳು. "ಅಪ್ಪ ಇದನ್ನ ನಿನ್ನ ಹೆಸರಿಗೆ ಬರೆದ್ರು, ಗಂಡುಮಗ ಅಂತ. ಆಗ ನಾನು ಏನೂ ಅನ್ನಲಿಲ್ಲ. ನೀನು ಅದರ ಮೇಲೆ ಇಪ್ಪತ್ತು ವರ್ಷ ಮುರಿದ ಸೈಕಲ್ ಇಟ್ಟೆ. ಆಗ ಬಡ್ಕೊಂಡೆ ಅಷ್ಟೆ, ಕಿತ್ಕೊಳ್ಳಲಿಲ್ಲ. ನೀನಾಗಿ ನೀನೇ ಕರಾರು ಬರೆದುಕೊಟ್ಟೆ, ನಾನು ಸಹಿ ಹಾಕಿದೆ." ಆಮೇಲೆ ಮೆತ್ತಗೆ ಹೇಳಿದಳು, "ವಾರ್ನಿಶ್ ಮಾತ್ರ ಬಹಳ ಚೆನ್ನಾಗಿ ಕೂತಿದೆ ಕಣೋ. ಈ ಮಂಡಿ ಇಟ್ಕೊಂಡು ನನ್ನ ಕೈಲಿ ಆಗ್ತಿರಲಿಲ್ಲ."

"ಆ ಪತ್ರ ಹರಿದು ಹಾಕಿಬಿಡೋಣ ಅಕ್ಕ."

"ಯಾವ ಕಾರಣಕ್ಕೂ ಹಿಂದಿರುಗತಕ್ಕದ್ದಲ್ಲ ಅಂತ ಇದೆಯಪ್ಪಾ. ಏಳನೇ ಕಲಮು." ಹಾಗೆಂದವಳು ನಕ್ಕು ಕೈ ಚಾಚಿದಳು. "ಬಾ, ಮುಂದೆ ಕೂತ್ಕೋ. ಏನನ್ನೂ ಮುಟ್ಟಬೇಡ."

ಕ್ಯಾಪ್ಟನ್ ಒಂದು ಕಾಲು ದೋಣಿಯಲ್ಲಿಟ್ಟ. ದೋಣಿ ಇಷ್ಟೇ ಇಷ್ಟು ಓಲಾಡಿತು. ಅವನು ಥಟ್ಟನೆ ಕಾಲು ಹಿಂದಕ್ಕೆ ತೆಗೆದ.

"ಇವತ್ತು ಗಾಳಿ ಸರಿಯಿಲ್ಲ ಅಕ್ಕ."

"ಹಾಗಿದ್ರೆ ಇವನ್ನ ಹಿಡ್ಕೋ," ಎಂದು ಅಕ್ಕ ಕೊಡೆ, ಕೈಚೀಲ, ಚಪ್ಪಲಿ ಕೊಟ್ಟಳು. ಹಗ್ಗ ಬಿಚ್ಚಿ, ಒಂದೇ ಎಳೆತಕ್ಕೆ ಹಾಯಿ ಏರಿಸಿ, ಚುಕ್ಕಾಣಿ ತಿರುಗಿಸಿದಳು. ಅರವತ್ತೊಂದರ ಮಂಡಿನೋವಿನ ಹೆಂಗಸು ದಡದಲ್ಲೇ ಉಳಿದಂತೆ, ಇನ್ಯಾರೋ ಹಗುರವಾಗಿ ಹೊರಟುಹೋದಂತೆ ದೋಣಿ ಸಾಗಿತು.

ಅಂಗಡಿ ಮುಚ್ಚಿ ಅತ್ತ ಬಂದಿದ್ದ ಔಷಧಿಯವರು ಹಣೆಗೆ ಕೈ ಅಡ್ಡ ಹಿಡಿದು ನೋಡಿದರು. "ನೋಡಿದ್ರಾ ಕ್ಯಾಪ್ಟನ್! ನಮ್ಮ ಪ್ಲಾಸ್ಟರು ಕೆಲಸ ಮಾಡಕ್ಕೆ ಸ್ವಲ್ಪ ಟೈಮ್ ತಗೊಂಡಿದೆ ಅಷ್ಟೆ." ಕ್ಯಾಪ್ಟನ್ ತಲೆಯಾಡಿಸಿದ. ಅವರು ಸಂತೋಷದಿಂದ ಮನೆಗೆ ಹೋದರು.

ಅಕ್ಕ ಈಗ ಸರೋವರದ ನಟ್ಟನಡುವೆ ಬಿಳಿಯ ಚುಕ್ಕಿಯಾಗಿದ್ದಳು. ಬೇಗ ತಿರುಗುವ ಸೂಚನೆ ಕಾಣಲಿಲ್ಲ. ಕ್ಯಾಪ್ಟನ್ ಕೈಚೀಲವನ್ನು ತೊಡೆಯ ಮೇಲಿಟ್ಟು ಬೆಂಚಿನಲ್ಲಿ ಕೂತ. ಅವನ ಹೊಟ್ಟೆ, ದೋಣಿಯಿಂದ ದೂರ ಉಳಿದ ಧೈರ್ಯದಲ್ಲಿ, ಗಟ್ಟಿಯಾಗಿ ಗುರುಗುಟ್ಟಿತು.

ಕಾವಲುಗಾರ ಮುದುಕ ಅವನ ಪಕ್ಕ ಬಂದು ಕೂತ. ತನ್ನ ಡಬ್ಬಿ ತೆರೆದ. ಎರಡು ತುಂಡು ಬ್ರೆಡ್ಡು, ಬೇಯಿಸಿದ ಎರಡು ಆಲೂಗಡ್ಡೆ, ಒಂದು ಮೊಟ್ಟೆ. ಮೊಟ್ಟೆಯನ್ನು ದಾರದಿಂದ ಸರಿಯಾಗಿ ಎರಡು ಪಾಲು ಮಾಡಿ, ಎಲ್ಲದರ ಅರ್ಧವನ್ನು ಡಬ್ಬಿಯ ಮುಚ್ಚಳದ ಮೇಲೆ ಜೋಡಿಸಿ, ನೀರಿನ ಕಡೆಗೇ ನೋಡುತ್ತ, ಅವನತ್ತ ಸರಿಸಿದ.