ನೀಲವ್ವ ನೋಡಿದ ನಾಟಕ

ಯೋಚನೆ ಮಾಡಿ ಹಿಡಿದ ಯಾವ ಉದ್ಯೋಗವೂ ನನ್ನ ಕೈಹತ್ತಲಿಲ್ಲ. ಹತ್ತಿದ್ದು ಒಂದೇ, ಹೆಣ್ಣಾಗುವುದು! ಗಾಬರಿಯಾಗಬೇಡಿ, ನಾಟಕದಲ್ಲಿ. ನಮ್ಮೂರು ಯಳವಿಯಲ್ಲಿ ಹೊಲಿಗೆ ಮಷೀನು ತುಳಿದುಕೊಂಡಿದ್ದವನು ನಾನು. ಸ್ವಾತಂತ್ರ್ಯ ಬಂದ ಮರುವರ್ಷ ನಮ್ಮೂರ ನಾಟಕ ಮಂಡಳಿಗೆ ರಾಣಿಯ ಕುಪ್ಪಸ ಹೊಲಿದುಕೊಟ್ಟೆ. ಅಷ್ಟರಲ್ಲಿ ರಾಣಿಯಾಗಬೇಕಿದ್ದವನಿಗೆ ಮದುವೆ ಗೊತ್ತಾಯಿತು. "ಮೀಸಿ ಇಲ್ಲದ ವರಗ ಹೆಣ್ಣು ಕೊಡೂದಿಲ್ಲ" ಎಂದು ಬೀಗರು ಪಟ್ಟು ಹಿಡಿದರು; ಅವನು ಮೀಸೆ ಬಿಟ್ಟ. ಮಂಡಳಿಯ ಮಾಸ್ತರರು ನನ್ನನ್ನೇ ಮೇಲಿಂದ ಕೆಳಗೆ ನೋಡಿ, "ಟೇಲರ, ಕುಪ್ಪಸ ನಿನಗ ಬರ್ತದೇನು ನೋಡು" ಎಂದರು. ಬರದೆ ಏನು? ಅಳತೆ ಕೊಡಲು ಆ ಪುಣ್ಯಾತ್ಮ ಬಂದೇ ಇರಲಿಲ್ಲ. ನನ್ನ ಮೈಯಳತೆಗೇ ಹೊಲಿದಿದ್ದೆ. ಹೀಗೆ ರಾಣಿಯಾದವನು ಹತ್ತು ವರ್ಷ ಸಿಂಹಾಸನ ಬಿಡಲಿಲ್ಲ.

ಆ ಸುಖವನ್ನು ಏನೆಂದು ಹೇಳಲಿ! ನಾನು ಅತ್ತರೆ ಕುಣಿಕೋಣೂರಿನ ಕುರಿಗಾರರೂ ಕಂಬಳಿಯಂಚಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಕೊರತೆ ಒಂದೇ: ನನ್ನ ಹೆಂಡತಿ ನೀಲವ್ವ ಒಮ್ಮೆಯೂ ನೋಡಲು ಬರಲಿಲ್ಲ. ತನ್ನ ಹಸಿರು ಇಳಕಲ್ ಸೀರೆ ಕೊಟ್ಟು, ನಿರಿಗೆ ಹಿಡಿಯಲು ಕಲಿಸಿದವಳೇ ಅವಳು. ಕರೆದರೆ ಮಾತ್ರ, "ನೀವು ಮತ್ತೊಬ್ಬನ ಹೆಂಡ್ತಿ ಆಗೂದು ನಾ ಹ್ಯಾಂಗ ನೋಡ್ಲಿ? ಬ್ಯಾಡ್ರಿ" ಎನ್ನುತ್ತಿದ್ದಳು. ಊರೆಲ್ಲ ಚಪ್ಪಾಳೆ ತಟ್ಟುವಾಗ ನನಗೆ ಬೇಕಾದ ಎರಡು ಕೈಗಳು ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದವು.

ಕೊನೆಗೊಮ್ಮೆ ಅಸಂಗಿಯ ಆಟಕ್ಕೆ ತಾನಾಗಿಯೇ, "ಈ ಸಲ ನಾನೂ ಗಾಡಿ ಹತ್ತತೀನ್ರಿ" ಎಂದಳು. ನನ್ನ ಹಣೆಬರಹ ನೋಡಿ! ಅದೇ ವಾರ ಮಾಸ್ತರರು ವಿಜಾಪುರದಿಂದ ನಟಿಯೊಬ್ಬಳನ್ನು ಕರೆಸಿ ರಾಣಿಯ ಪಾತ್ರ ಕೊಟ್ಟಿದ್ದರು. ನನಗೆ ಬಿಳಿ ಗಡ್ಡದ ಮಂತ್ರಿಯ ಪಾತ್ರ. ಹೇಳಿದರೆ ಬರುವುದನ್ನೇ ಬಿಟ್ಟಾಳೆಂದು ನಾನು ಬಾಯಿ ಬಿಡಲಿಲ್ಲ. ನೀಲವ್ವ ಎಂದಿನಂತೆ ಮಡಚಿಕೊಟ್ಟ ಸೀರೆಯನ್ನು ಸುಮ್ಮನೆ ನಟಿಯ ಕೈಗಿತ್ತೆ.

ಆಟ ಮುಗಿಸಿ ಮರುದಿನ ಮನೆಗೆ ಬಂದಾಗ ಚಹಾ ಕೊಡುತ್ತ ನೀಲವ್ವ ಕಣ್ಣು ತುಂಬಿಕೊಂಡಳು. "ಎಷ್ಟ ಚಲೋ ಮಾಡಿದ್ರಿ! ನಾ ಎಂಥಾ ಹುಚ್ಚಿ, ಇಷ್ಟ ವರ್ಷ ಬರಲಿಲ್ಲ."

"ಗುರ್ತ ಹಿಡದಿ?"

"ನನ್ನ ಸೀರಿ, ನನ್ನ ಗಂಡ. ಗುರ್ತ ಸಿಗೂದಿಲ್ಲೇನ್ರಿ?"

ಈ ಮಾತಿಗಾಗಿ ಹತ್ತು ವರ್ಷ ಹಂಬಲಿಸಿದ್ದೆ. ಆದರೂ ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ, "ಆದ್ರ ಆ ಮುದುಕ ಮಂತ್ರಿ ಯಾರ್ರಿ? ಅವಗ ಏನೂ ಬರೂದಿಲ್ಲ" ಎಂದಳು.

"ಯಾರೋ ಹೊಸಬ, ಬಿಡು" ಎಂದೆ.

ನೀಲವ್ವ ಹೋಗಿ ಎಷ್ಟೋ ವರ್ಷಗಳಾದವು. ಆ ಹೊಗಳಿಕೆ ನನ್ನದಲ್ಲವೆಂದು ಗೊತ್ತಿದ್ದೂ, ಒಬ್ಬನೇ ಕೂತಾಗ ಅದನ್ನೇ ನೆನೆದು ಹಿಗ್ಗುತ್ತೇನೆ. ಮಂತ್ರಿಗೆ ಬಿದ್ದ ಬೈಗುಳ ನನ್ನದೆಂದು ಮಾತ್ರ ಇಂದಿಗೂ ಒಪ್ಪಿಲ್ಲ.