ಕಡಲಿಗೆ ಹೋದ ಚುಚ್ಚುಮದ್ದಿನ ಪಾಠ

ಶಿರಾಲಿಯ ನಮ್ಮ ಕೇರಿಯ ಬಸುರಿಯರನ್ನೆಲ್ಲ ಒಂದೇ ವಾಟ್ಸಾಪ್ ಗುಂಪಿಗೆ ಸೇರಿಸಿ, ಲಸಿಕೆಯ ಜ್ಞಾನವನ್ನು ಅವರ ಅಂಗೈಗೇ ತಲುಪಿಸುವುದೆಂದು ನಾನು ತೀರ್ಮಾನಿಸಿದೆ. ನಾನು ಆಶಾ ಕಾರ್ಯಕರ್ತೆ. ಮನೆಮನೆ ಅಲೆದು ಮೊಣಕಾಲು ಸವೆದಿತ್ತು. ಇನ್ನು ಮುಂದೆ ಅಲೆಯುವುದು ನನ್ನ ಬೆರಳು ಮಾತ್ರ ಎಂದು ಗಂಡನ ಮುಂದೆ ಘೋಷಿಸಿದೆ. ಅವರು ಚಾ ಲೋಟದಿಂದ ತಲೆ ಎತ್ತದೆ, "ಅವ್ರು ನೋಡ್ತ್ರು ಅಂತ ಎಂತ ಗ್ಯಾರಂಟಿ?" ಎಂದರು. ಎರಡು ನೀಲಿ ಗೀಟು ಬಂದರೆ ನೋಡಿದ ಹಾಗೇ ಎಂದು ಅವರಿಗೂ ಒಂದು ಪಾಠ ಮಾಡಿದೆ.

ತಾಯಿ ಕಾರ್ಡುಗಳಲ್ಲಿದ್ದ ನಂಬರುಗಳನ್ನು ತೆಗೆದು ಗುಂಪು ಕಟ್ಟಿದೆ. ಧನುರ್ವಾಯು ಚುಚ್ಚುಮದ್ದಿನ ವಿಡಿಯೋ ಹಾಕಿದೆ. ಅದು ಸಾಲದೆಂದು ನನ್ನ ಸ್ವಂತ ಕಂಠದಲ್ಲಿ ವಾಯ್ಸ್ ಮೆಸೇಜು: "ಪ್ರೀತಿಯ ಗರ್ಭಿಣಿ ತಾಯಂದಿರೇ, ನಾಚಿಕೊಳ್ಳಬೇಡಿ, ತೋಳು ಮುಂದೆ ಮಾಡಿ." ವಾರಕ್ಕೊಂದು ರಸಪ್ರಶ್ನೆ ಬೇರೆ.

ಎಲ್ಲರಿಗಿಂತ ಮುಂಚೆ ಉತ್ತರ ಬರುತ್ತಿದ್ದದ್ದು ನಾಗವೇಣಿಯಿಂದ. ಮೀನುಗಾರ ಮಂಜುನಾಥನ ಹೆಂಡತಿ, ಚೊಚ್ಚಲ ಬಸುರಿ. ಎದುರು ಸಿಕ್ಕರೆ ನಾಲ್ಕು ಮಾತೂ ಆಡದ ಹುಡುಗಿ, ಗುಂಪಿನಲ್ಲಿ ಮಾತ್ರ ಸಿಂಹಿಣಿ! ಎರಡನೇ ಡೋಸ್ ಯಾವಾಗ ಎಂದು ಕೇಳಿದರೆ, ಮೊದಲನೆಯದು ಆದ ನಾಲ್ಕು ವಾರಕ್ಕೆ ಎಂದು ಥಟ್ಟನೆ ಉತ್ತರ, ಮೇಲೊಂದು ಹೆಬ್ಬೆರಳು. ತಿಂಗಳ ಸಭೆಯಲ್ಲಿ ಎದ್ದು ನಿಂತು ಅವಳನ್ನು ಮಾದರಿ ತಾಯಿ ಎಂದು ಸಾರಿದೆ. ಚಪ್ಪಾಳೆ ಬಿತ್ತು. ಅದನ್ನು ನಾನೇ ಇಟ್ಟುಕೊಂಡೆ.

ಮರುವಾರ ಆರೋಗ್ಯ ಕೇಂದ್ರದ ಸಿಸ್ಟರ್ ದಾಖಲೆ ತಿರುವಿ ಹಾಕಿ ನನ್ನನ್ನು ಕರೆದರು. ಮಾದರಿ ತಾಯಿಗೆ ಎರಡನೇ ಡೋಸೇ ಆಗಿರಲಿಲ್ಲ. ಏಳು ತಿಂಗಳು ತುಂಬಿದೆ, ಹುಟ್ಟುವ ಮಗುವಿಗೆ ರಕ್ಷಣೆ ಸಿಗಬೇಕಾದರೆ ಇನ್ನು ತಡಮಾಡುವ ಹಾಗಿಲ್ಲ ಎಂದರು. ನನ್ನ ಸಿಟ್ಟು ನೆತ್ತಿಗೇರಿತು. ನೇರ ನಾಗವೇಣಿಯ ಅಂಗಳಕ್ಕೆ ಹೋಗಿ, ಎಲ್ಲ ಗೊತ್ತಿದ್ದೂ ಹೀಗೆ ಮಾಡುವುದೇ ಎಂದು ಕೂಗಾಡಿದೆ. ಅದೂ ಅವಳ ಅತ್ತೆಯ ಎದುರಿಗೆ. ಅವಳು ಅಕ್ಕಿಯ ಮೊರ ಕೆಳಗಿಟ್ಟು ಎದ್ದು ನಿಂತಳು. ಕಣ್ಣು ತುಂಬಿತ್ತು.

"ಯಾವ ವಿಡಿಯೋ ಅಕ್ಕೋರೆ? ಮನೇಲಿರೂದು ಒಂದೇ ಫೋನು. ಅದು ಅವ್ರ ಸಂಗ್ತಿಗೆ ಬೋಟಿಗೆ ಹೋಗ್ತದೆ."

ಅಷ್ಟರಲ್ಲಿ ಮಂಜುನಾಥ ತಲೆ ಕೆರೆಯುತ್ತ ಒಳಗಿಂದ ಬಂದ. ಬೋಟು ದಡದ ಹತ್ತಿರ ಬಂದು ಸಿಗ್ನಲ್ ಸಿಕ್ಕ ಕೂಡಲೇ ಅದರಲ್ಲಿದ್ದ ಎಂಟೂ ಜನ ಕೂತು ನನ್ನ ದನಿ ಕೇಳುತ್ತಿದ್ದರಂತೆ. ರಸಪ್ರಶ್ನೆಗೆ ಉತ್ತರ ಹೇಳುತ್ತಿದ್ದದ್ದು ಬೋಟು ನಡೆಸುವ ತಾಂಡೇಲ. ಹೆಂಡತಿಗೆ ಯಾಕೆ ಹೇಳಲಿಲ್ಲ ಎಂದೆ.

"ನೀವು ಮನೆ ಮನೆಗೆ ಬಂದು ಹೇಳೋರಲ್ವಾ ಅಕ್ಕೋರೆ. ಅವ್ಳಿಗೂ ಹೇಳಿರ್ತ್ರಿ ಅಂದ್ಕಂಡೆ."

ಅಂದರೆ ಎರಡು ತಿಂಗಳು ನಾನು ಪ್ರೀತಿಯ ಗರ್ಭಿಣಿ ತಾಯಂದಿರೇ ಎಂದು ಕರೆದದ್ದು ಮೀಸೆ ಹೊತ್ತ ಎಂಟು ಮಂದಿಯನ್ನು! ನಗು ಬರಬೇಕಿತ್ತು, ಬರಲಿಲ್ಲ. ಏನೂ ತಪ್ಪು ಮಾಡದ ಹುಡುಗಿ ನನ್ನಿಂದ ಬೈಸಿಕೊಂಡು ನಿಂತಿದ್ದಳು.

ಆಟೋ ಹತ್ತಿಸಿ ಆಗಲೇ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಸಿಸ್ಟರ್ ಚುಚ್ಚುಮದ್ದು ಕೊಟ್ಟು, ತಡವಾದರೂ ಕಾಲ ಮೀರಿಲ್ಲ ಎಂದಾಗ ನನಗೆ ಹೋದ ಜೀವ ಬಂತು. ಅವಳ ಮುಖ ನೋಡಲು ಮಾತ್ರ ಆಗಲಿಲ್ಲ. ನೆಲ ನೋಡುತ್ತಲೇ ತಪ್ಪಾಯಿತು ಎಂದೆ.

ನಾಗವೇಣಿ ತೋಳಿನ ಹತ್ತಿ ಒತ್ತಿ ಹಿಡಿದುಕೊಂಡು ಮೆಲ್ಲಗೆ ಹೇಳಿದಳು: "ಅದ್ಕೆಂತ ಅಕ್ಕೋರೆ. ಇನ್ನೊಂದ್ ಸಲ ನಿಮ್ಮ ಹಿತ್ಲ ಬಾಗ್ಲಲ್ಲಿ ನಿಂತ್ಕಂಡು ಒಂದ್ ಕೂಗು ಹಾಕಿ. ನಮ್ಮನಿಗೆ ಕೇಳ್ತದೆ."

ನಿಜ, ಕೇಳುತ್ತದೆ. ನಾನು ಗಂಡನ ಮೇಲೆ ರೇಗುವುದೂ ಅಲ್ಲಿಗೆ ಚೆನ್ನಾಗಿ ಕೇಳುತ್ತದಂತೆ. ಎರಡು ತಿಂಗಳಲ್ಲಿ ಆ ಮನೆಗೆ ಕೇಳಿಸದೆ ಉಳಿದದ್ದು ಚುಚ್ಚುಮದ್ದಿನ ಮಾತು ಒಂದೇ.